ಸುವರ್ಣವ್ವ ಮತ್ತು ಸಿರಿಶಾಳ ಮೇಲ್ಮನವಿ

ದಕ್ಷಿಣ ಲಂಡನ್ನಿನ ಕ್ರೋಯ್ಡನ್ನಿನ ಆಡಿಸ್ಕೋಂಬಿನಲ್ಲಿ ಟ್ರಾಮ್ ಇಳಿದು ಎಡಕ್ಕೆ ತಿರುಗಿ ಸ್ವಲ್ಪ ನಡೆದರೆ ಸುವರ್ಣವ್ವನ ಮನೆ ಸಿಗುತ್ತದೆ. ಬೆಳಗಿನ ಹೊತ್ತು ಹೋದವರು ಮನೆ ನಂಬರು ನೋಡಬೇಕಾಗಿಲ್ಲ. ಯಾವ ಬಾಗಿಲ ಮುಂದೆ ಮಕ್ಕಳ ತಳ್ಳುಗಾಡಿಗಳು ಒಂದಕ್ಕೊಂದು ಒರಗಿ ನಿಂತಿವೆಯೋ, ಯಾವ ಕಿಟಕಿಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆಯೂ ಕೂಸುಗಳ ಗದ್ದಲವೂ ಕೂಡಿಯೇ ಹೊರಬರುತ್ತವೆಯೋ ಅದೇ ಮನೆ. ತಾಯಿ ತಂದೆಯರು ಮಕ್ಕಳನ್ನು ಆಕೆಯ ಕೈಗೆ ಕೊಟ್ಟು ಲಂಡನ್ ಬ್ರಿಜ್ಜಿನ ರೈಲು ಹಿಡಿಯಲು ಓಡುತ್ತಾರೆ. ಆಕೆ ಓಡುವುದಿಲ್ಲ. ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಬಾಗಿಲಲ್ಲೇ ನಿಂತು, ಓಡುವವರ ಬೆನ್ನಿಗೆ ಕೂಸಿನ ಕೈಯಿಂದ ಟಾಟಾ ಮಾಡಿಸಿ ಒಳಗೆ ಹೋಗುತ್ತಾಳೆ.

ಧಾರವಾಡದಿಂದ ಮದುವೆಯಾಗಿ ಬಂದಾಗ ಆಕೆಗೆ ಇಪ್ಪತ್ತಮೂರು. ಗಂಡ ಮಲ್ಲಪ್ಪ ಆಗ ಟೂಟಿಂಗಿನ ಒಂದು ಹೋಟೆಲಿನಲ್ಲಿ ಅಡುಗೆಗಿದ್ದ. ಆಮೇಲೆ ಬಸ್ಸು ಓಡಿಸಿದ, ಕ್ರೋಯ್ಡನ್ನಿಗೆ ಟ್ರಾಮ್ ಬಂದ ಮೇಲೆ ಟ್ರಾಮ್ ಓಡಿಸಿದ. ಸುವರ್ಣವ್ವ ತನ್ನ ಮಗ ನಿತೀಶನನ್ನು ನೋಡಿಕೊಳ್ಳುತ್ತಲೇ ಪಕ್ಕದ ಮನೆಯ ಕೂಸನ್ನೂ ನೋಡಿಕೊಂಡಳು. ಆ ತಾಯಿ ಇನ್ನೊಬ್ಬಳಿಗೆ ಹೇಳಿದಳು. ಕೌನ್ಸಿಲ್‌ನವರು ಬಂದು, ಹೀಗೆ ಸುಮ್ಮನೆ ಮಾಡುವಂತಿಲ್ಲ, ತರಬೇತಿ ಪಡೆದು ಹೆಸರು ನೋಂದಾಯಿಸಬೇಕು ಎಂದರು. ಪಡೆದಳು, ನೋಂದಾಯಿಸಿದಳು. ಹಾಗೆ ಶುರುವಾದ ಕೆಲಸ ಇಂದಿಗೂ ನಡೆದಿದೆ. ಘಾನಾದವರ ಮಕ್ಕಳು, ಪೋಲೆಂಡಿನವರ ಮಕ್ಕಳು, ಗುಜರಾತಿಗಳ ಮಕ್ಕಳು ಎಲ್ಲರೂ ಆ ಮನೆಯ ನೆಲದ ಮೇಲೆ ತೆವಳಿ ನಡೆಯಲು ಕಲಿತವರೇ. ಎಲ್ಲರಿಗೂ ಆಕೆ ಮಾತಾಡುತ್ತಿದ್ದದ್ದು ಕನ್ನಡವೇ. "ಕೂಸಿಗೆ ಯಾವ ಭಾಷಾ ಆದರೇನು, ದನಿ ತಿಳದರ ಸಾಕು," ಎನ್ನುತ್ತಿದ್ದಳು.

ತನ್ನ ಬದುಕಿನ ಬಗ್ಗೆ ಸುವರ್ಣವ್ವನಿಗೆ ದೂರು ಕಡಿಮೆ. ಮಧ್ಯಾಹ್ನ ಮಕ್ಕಳು ಮಲಗಿದಾಗ ಹಿತ್ತಲ ಕುಂಡಗಳಲ್ಲಿ ಬೆಳೆದ ಮೆಂತ್ಯೆ ಸೊಪ್ಪು ಬಿಡಿಸುತ್ತ, ಚಹಾ ಕುಡಿಯುತ್ತ ಕೂರುವ ಆ ಹೊತ್ತಿಗಿಂತ ಹೆಚ್ಚಿನದನ್ನು ಆಕೆ ಬಯಸಿದ್ದಿಲ್ಲ. ಅಂಥ ಹೆಂಗಸು ಲಂಡನ್ನಿನ ಮೇಲ್ಮನವಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ಸಿರಿಶಾಳಿಂದಾಗಿ.

ಸಿರಿಶಾಳನ್ನು ತಾಯಿ ವಂದನಾ ತಂದು ಒಪ್ಪಿಸಿದಾಗ ಕೂಸು ಇನ್ನೂ ಕೂರಲು ಕಲಿತಿರಲಿಲ್ಲ. ವಂದನಾ ಬೆಂಗಳೂರಿನ ಬಸವನಗುಡಿಯವಳು, ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ದೊಡ್ಡ ಕೆಲಸ. ಗಂಡ ಮಗು ಹುಟ್ಟಿದ ಮರುವರ್ಷವೇ ಬೇರೆಯಾಗಿ ಊರಿಗೆ ಮರಳಿದ. ಹಾಗಾಗಿ ಸಿರಿಶಾ ಬೆಳಗ್ಗೆ ಬಂದರೆ ಸಂಜೆ ಕತ್ತಲಾದ ಮೇಲೆಯೇ ಹೋಗುತ್ತಿದ್ದದ್ದು. ಶಾಲೆ ಸೇರಿದ ಮೇಲೂ ಶಾಲೆ ಬಿಟ್ಟರೆ ನೇರ ಸುವರ್ಣವ್ವನ ಮನೆಗೆ. ವಂದನಾಳನ್ನು ಅಮ್ಮ ಎಂದಳು, ಸುವರ್ಣವ್ವನನ್ನು ಅವ್ವ ಎಂದಳು. ಎರಡೂ ಸಲೀಸಾಗಿ ನಡೆದುಹೋಯಿತು. ಬೆಂಗಳೂರಿನ ತಾಯಿಯ ಮಗಳು ಅಪ್ಪಟ ಧಾರವಾಡ ಕನ್ನಡ ಮಾತಾಡುವುದನ್ನು ಕೇಳಿ ವಂದನಾ ಮೊದಮೊದಲು ನಕ್ಕಿದ್ದಳು. "ಆಂಟಿ, ನನ್ನ ಮಗಳು ನಂಗೇ 'ಯಾಕ ಲೇಟ್ ಮಾಡಿದಿ' ಅಂತ ಜೋರು ಮಾಡ್ತಾಳೆ!"

ಮೆತ್ತನೆಯ ಹುಡುಗಿ. ದೊಡ್ಡ ಮಕ್ಕಳು ಏನು ಹೇಳಿದರೂ ಮಾಡುತ್ತಿದ್ದಳು. ಆಟಿಕೆ ಮುರಿದವರು ಬೇರೆಯವರಾದರೂ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದದ್ದು ಸಿರಿಶಾ.

ಹದಿನೇಳರಲ್ಲಿ ಅವಳಿಗೆ ಒಬ್ಬ ಗೆಳೆಯ ಸಿಕ್ಕ. ಇಪ್ಪತ್ತನಾಲ್ಕರವನು. ಅವನ ಹೆಸರನ್ನು ಸುವರ್ಣವ್ವ ಇವತ್ತಿಗೂ ಬಾಯಿಂದ ಆಡುವುದಿಲ್ಲ, 'ಅವ' ಎನ್ನುತ್ತಾಳೆ ಅಷ್ಟೇ. ಅವನು ಸಿರಿಶಾಳ ಫೋನ್ ತೆಗೆದು ನೋಡುತ್ತಿದ್ದ, ಯಾರ ಜೊತೆ ಮಾತಾಡಬೇಕು ಎಂದು ಹೇಳುತ್ತಿದ್ದ. ಸಿರಿಶಾ ಅವ್ವನ ಮನೆಗೆ ಬರುವುದು ಕಡಿಮೆಯಾಯಿತು. ಹದಿನೆಂಟು ತುಂಬಿದ ಹೊಸತರಲ್ಲೇ ಕಾರು ಓಡಿಸುವ ಲೈಸೆನ್ಸ್ ಪಡೆದಳು. ಅದಾದ ಕೆಲವೇ ವಾರಗಳಲ್ಲಿ ಒಂದು ಸಂಜೆ ಅವನು, ಅವನ ಸ್ನೇಹಿತನೊಬ್ಬ, ಇಬ್ಬರನ್ನೂ ಕೂರಿಸಿಕೊಂಡು ಅವರು ಹೇಳಿದ ಫ್ಲ್ಯಾಟುಗಳ ಹತ್ತಿರ ಕಾರು ನಿಲ್ಲಿಸಿದಳು. ಅವರು ಇಳಿದು ಹೋದರು. ಓಡಿ ಬಂದರು. "ಹೊಡಿ, ಹೊಡಿ," ಎಂದರು. ಕಾರು ಹೊಡೆದಳು. ಹಿಂದೆ ಜೆರೋಮ್ ಎಂಬ ಹತ್ತೊಂಬತ್ತರ ಹುಡುಗ ಮೆಟ್ಟಿಲ ಬುಡದಲ್ಲಿ ಚೂರಿಯ ಇರಿತಕ್ಕೆ ಸಿಕ್ಕಿ ಬಿದ್ದಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡ.

ವಿಚಾರಣೆಯಲ್ಲಿ ಸಿರಿಶಾಳನ್ನು ಕೇಳಿದರು: ಚೂರಿ ಇರುವುದು ನಿನಗೆ ಗೊತ್ತಿತ್ತೇ? ಗೊತ್ತಿತ್ತು, ಕಾರಿನಲ್ಲಿ ಅವನು ತೋರಿಸಿದ್ದ ಎಂದಳು. ಹೆದರಿಸಲಿಕ್ಕೆ ಒಯ್ಯುತ್ತಿದ್ದಾನೆ ಎಂದುಕೊಂಡೆ ಎಂದಳು. ಜ್ಯೂರಿ ನಂಬಲಿಲ್ಲ. ಮೂವರೂ ಕೊಲೆಯ ಅಪರಾಧಿಗಳು ಎಂದರು. ಕೊಲೆಗೆ ಇಲ್ಲಿ ಇರುವುದು ಒಂದೇ ಶಿಕ್ಷೆ, ಜೀವಾವಧಿ. ಆದರೆ ಎಷ್ಟು ವರ್ಷ ಒಳಗೆ ಕಳೆದ ಮೇಲೆ ಪೆರೋಲ್ ಮಂಡಳಿಯ ಮುಂದೆ ಹೋಗಿ ಬಿಡುಗಡೆ ಕೇಳಬಹುದು ಎಂಬ ಕನಿಷ್ಠ ಅವಧಿಯನ್ನು ನ್ಯಾಯಾಧೀಶರು ಗೊತ್ತುಮಾಡುತ್ತಾರೆ. ಚೂರಿ ಹಾಕಿದ ಆ ಗೆಳೆಯನಿಗೆ ಇಪ್ಪತ್ತಾರು ವರ್ಷ ಎಂದರು. ಸಿರಿಶಾಳಿಗೆ ಹತ್ತೊಂಬತ್ತು.

ವಂದನಾ ಮುಂದಿನ ಬೆಂಚಿಗೆ ಹಣೆ ಹಚ್ಚಿದಳು. ಸುವರ್ಣವ್ವ ಅವಳ ಬೆನ್ನು ಸವರುತ್ತ ಕಟಕಟೆಯ ಗಾಜಿನ ಹಿಂದೆ ನಿಂತ ಹುಡುಗಿಯನ್ನೇ ನೋಡಿದಳು. ಸಿರಿಶಾ ತಲೆಯಾಡಿಸುತ್ತಿದ್ದಳು, ಯಾರೋ ದಾರಿ ಹೇಳಿದಾಗ ಸರಿ ಸರಿ ಎಂದು ತಲೆಯಾಡಿಸುವ ಹಾಗೆ.

ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಪರಿಚಯದವರು ವಂದನಾಳಿಂದ ದೂರ ಸರಿದರು. ಯುಗಾದಿ ಕೂಟಕ್ಕೆ ಕರೆಯಲಿಲ್ಲ. ಕರೆದಿದ್ದರೆ ಹೋಗುವ ಸ್ಥಿತಿಯಲ್ಲಿ ಅವಳೂ ಇರಲಿಲ್ಲ. ಕೊಲಿಂಡೇಲಿನಲ್ಲಿ ಔಷಧಿ ಅಂಗಡಿ ನಡೆಸುವ ನಿತೀಶ ಭಾನುವಾರ ಬಂದವನು ತಾಯಿಗೆ ಇಂಗ್ಲಿಷಿನಲ್ಲಿ ಬುದ್ಧಿ ಹೇಳಿದ. ಒಬ್ಬ ಹುಡುಗ ಸತ್ತಿದ್ದಾನೆ, ನೀನು ಮಕ್ಕಳನ್ನು ನೋಡಿಕೊಳ್ಳುವವಳು, ಜನ ಏನಂದಾರು ಎಂದ.

"ಜನ ತಮ್ಮ ಮಕ್ಕಳನ್ನ ನನ್ನ ಹತ್ರ ಬಿಡಬೇಕೋ ಬ್ಯಾಡೋ ಅವರs ನೋಡ್ಕೋತಾರ," ಎಂದಳು ಸುವರ್ಣವ್ವ. "ನಾ ಆ ಹುಡುಗಿ ಏನೂ ಮಾಡಿಲ್ಲ ಅಂತ ಎಲ್ಲೆ ಅಂದೆ? ಮಾಡ್ಯಾಳ. ಮಾಡಿದಷ್ಟಕ್ಕ ಕೊಡ್ರಿ ಅನ್ನಾಕತ್ತೀನಿ."

ನಿತೀಶ ಕಾರಿನ ಕೀಲಿ ಎತ್ತಿಕೊಂಡು ಎದ್ದ. ಒಬ್ಬಿಬ್ಬರು ತಾಯಂದಿರು ಮಕ್ಕಳನ್ನು ಬಿಡಿಸಿಕೊಂಡರು, ಅದೂ ನಿಜ. ಉಳಿದವರು ಎಂದಿನಂತೆ ಕೂಸುಗಳನ್ನು ತಂದು ಕೊಟ್ಟು ರೈಲಿಗೆ ಓಡಿದರು.

ವಿಚಾರಣೆಯ ವಕೀಲರು ತೀರ್ಪನ್ನು ಪ್ರಶ್ನಿಸಲು ಆಧಾರವಿಲ್ಲ ಎಂದು ಕೈತೊಳೆದುಕೊಂಡಿದ್ದರು. ಆಗ ಮಲ್ಲಪ್ಪನೇ ಒಂದು ಹೆಸರು ಹೇಳಿದ. ಟ್ರಾಮ್ ಓಡಿಸುತ್ತಿದ್ದ ಕಾಲದಲ್ಲಿ ದಿನಾ ಅದೇ ಸೀಟಿನಲ್ಲಿ ಕೂತು ಕಡತ ಓದುತ್ತಿದ್ದ ಕನ್ನಡದ ಹುಡುಗಿ. ಈಗ ಈಸ್ಟ್ ಕ್ರೋಯ್ಡನ್ ಹತ್ತಿರ ಸಣ್ಣ ವಕೀಲರ ಕಚೇರಿಯಲ್ಲಿ ಪಾಲುದಾರಳು. ಹೆಸರು ಚಂದ್ರಿಕಾ, ತಾಯಿ ತಂದೆ ಮೈಸೂರಿನವರು. ಸುವರ್ಣವ್ವ ವಂದನಾಳನ್ನು ಕರೆದುಕೊಂಡು ಹೋದಳು.

ಚಂದ್ರಿಕಾ ಕಾಗದಗಳನ್ನೆಲ್ಲ ಓದಲು ಒಂದು ವಾರ ಕೇಳಿದಳು. ವಾರದ ಮೇಲೆ ಇಬ್ಬರನ್ನೂ ಕೂರಿಸಿ ಮಾತಾಡಿದಳು.

"ಕೊಲೆ ಅನ್ನೋ ತೀರ್ಪನ್ನ ಅಲ್ಲಾಡ್ಸಕ್ಕೆ ಆಗಲ್ಲ, ವಂದನಾ ಅವರೇ. ಸುಳ್ಳು ಆಸೆ ಕೊಡಲ್ಲ. ಆದ್ರೆ ಆ ಹತ್ತೊಂಬತ್ತು ವರ್ಷದ ಬಗ್ಗೆ ಮಾತಾಡಬಹುದು. ಚೂರಿ ತಗೊಂಡು ಹೋಗಿ ಕೊಲೆ ಆದ್ರೆ ವಯಸ್ಕರಿಗೆ ಲೆಕ್ಕ ಶುರುವಾಗೋದೇ ಇಪ್ಪತ್ತೈದರಿಂದ. ಜಡ್ಜು ಅಲ್ಲಿಂದ ಇಳಿಸ್ತಾ ಬಂದು ಹತ್ತೊಂಬತ್ತಕ್ಕೆ ನಿಂತಿದ್ದಾರೆ. ಇಳಿಸಿದ್ದು ಸಾಕಾ ಅನ್ನೋದೇ ಪ್ರಶ್ನೆ. ಅವಳಿಗೆ ಹದಿನೆಂಟು ತುಂಬಿ ಕೆಲವೇ ವಾರ. ಚೂರಿ ಅವಳದಲ್ಲ. ಕಾರಿಂದ ಇಳಿದಿಲ್ಲ. ಅವನ ಕೈಗೊಂಬೆ ಆಗಿದ್ದಳು ಅನ್ನೋದಕ್ಕೆ ಅವಳ ಫೋನಲ್ಲೇ ಸಾಕ್ಷಿ ತುಂಬಿದೆ, ಯಾರೂ ಅದನ್ನ ಸರಿಯಾಗಿ ಎತ್ತಿಲ್ಲ."

"ಹಂಗಾರ ಕಮ್ಮಿ ಮಾಡ್ತಾರೇನವಾ?" ಎಂದಳು ಸುವರ್ಣವ್ವ.

"ಸ್ವಲ್ಪ ಜಾಸ್ತಿ ಆಯ್ತು ಅಂದ್ರೆ ಮುಟ್ಟಲ್ಲ ಆಂಟಿ. ಕಣ್ಣಿಗೆ ಹೊಡಿಯೋಷ್ಟು ಜಾಸ್ತಿ ಇರ್ಬೇಕು. ಮೊದಲು ಒಬ್ಬ ಜಡ್ಜು ಕಾಗದದ ಮೇಲೆ ನೋಡಿ, ಕೇಳೋದಕ್ಕೆ ಯೋಗ್ಯವಾ ಇಲ್ವಾ ಅಂತ ಹೇಳ್ತಾರೆ. ಅದಕ್ಕೂ ಮುಂಚೆ ಒಂದಿದೆ." ಚಂದ್ರಿಕಾ ಕಡತ ಮುಚ್ಚಿದಳು. "ಸಿರಿಶಾ ಒಪ್ಪಬೇಕು. ನಾನು ಮೊನ್ನೆ ಮಾತಾಡಿದೆ. ಅವಳು ಬೇಡ ಅಂತಿದ್ದಾಳೆ."

ಮೇಲ್ಮನವಿಗೆ ತೀರ್ಪಿನಿಂದ ನಾಲ್ಕು ವಾರ ಮಾತ್ರ ಅವಕಾಶ. ಅದರಲ್ಲಿ ಅರ್ಧ ಆಗಲೇ ಕಳೆದಿತ್ತು. ಮರುದಿನವೇ ಸುವರ್ಣವ್ವ ಮಕ್ಕಳನ್ನು ಒಬ್ಬ ಸಹಾಯಕಿಯ ಕೈಗೆ ಒಪ್ಪಿಸಿ ಸಟನ್ ಕಡೆಯ ಬಸ್ಸು ಹತ್ತಿದಳು.

ಹೆಣ್ಣುಮಕ್ಕಳ ಜೈಲಿನ ಭೇಟಿ ಕೋಣೆ ಶಾಲೆಯ ಊಟದ ಹಾಲಿನ ಹಾಗಿತ್ತು. ಗಿಡ್ಡ ಮೇಜುಗಳು, ಒಂದು ಮೂಲೆಯಲ್ಲಿ ಚಿಕ್ಕ ಮಕ್ಕಳಿಗೆ ಆಟಿಕೆ. ಸುವರ್ಣವ್ವನ ಕಣ್ಣು ಮೊದಲು ಹೋದದ್ದು ಆ ಆಟಿಕೆಗಳ ಕಡೆಗೆ. ತೊಳೆದು ಇಟ್ಟಿದ್ದಾರೆ ಎಂದು ಕಂಡು ಸಮಾಧಾನವಾಯಿತು. ಸಿರಿಶಾ ಬಂದು ಎದುರಿಗೆ ಕೂತಳು. ಕೂದಲು ಎಳೆದು ಕಟ್ಟಿದ್ದಳು, ಮುಖ ಸಣ್ಣದಾಗಿತ್ತು.

"ಉಂಡೇನು?"

"ಉಂಡೆ ಅವ್ವಾ."

"ಏನ ಉಂಡಿ?"

"ಬಟಾಟಿ." ಸ್ವಲ್ಪ ನಕ್ಕಳು. "ದಿನಾ ಬಟಾಟಿ."

ಸುವರ್ಣವ್ವ ಯಂತ್ರದಿಂದ ಚಹಾ, ಬಿಸ್ಕೀಟು ತಂದಿಟ್ಟಳು. ಆಮೇಲೆ ಸುತ್ತು ಬಳಸದೆ ಕೇಳಿದಳು. "ಅಪೀಲ್ ಬ್ಯಾಡ ಅಂದಿಯಂತ. ಯಾಕ?"

ಸಿರಿಶಾ ಕಪ್ಪಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಳು. "ಜೆರೋಮ್‌ನ ಅಮ್ಮ ದಿನಾ ಕೋರ್ಟಿಗೆ ಬರತಿದ್ಲಲ್ಲ, ನೀ ನೋಡಿಯಲ್ಲ. ಆಕಿ ಎಲ್ಲೆ ಅಪೀಲ್ ಮಾಡಬೇಕು? ಆಕಿಗೆ ಯಾರು ಕಮ್ಮಿ ಮಾಡ್ತಾರ?"

ಇದನ್ನು ಸುವರ್ಣವ್ವ ನಿರೀಕ್ಷಿಸಿರಲಿಲ್ಲ. ಹುಡುಗಿಗೆ ಹೆದರಿಕೆ, ಬೇಸರ, ಇನ್ನೇನು ಉಳಿದಿದೆ ಎಂಬ ಹತಾಶೆ ಎಂದೆಲ್ಲ ಯೋಚಿಸಿಕೊಂಡು ಬಂದಿದ್ದಳು. ಬಿಸ್ಕೀಟು ಮುರಿದು ಅರ್ಧವನ್ನು ಹುಡುಗಿಯ ಮುಂದೆ ಇಟ್ಟಳು.

"ಆಕಿಗೆ ಯಾರೂ ಕಮ್ಮಿ ಮಾಡೂದಿಲ್ಲ," ಎಂದಳು ಕೊನೆಗೆ. "ಅದು ಖರೇ ಐತಿ. ನೀ ಹತ್ತು ವರ್ಷ ಕುಂತರೂ ಅಷ್ಟ, ಮೂವತ್ತು ಕುಂತರೂ ಅಷ್ಟ. ಆ ಹುಡುಗ ತಿರುಗಿ ಬರೂದಿಲ್ಲ. ಅದನ್ನ ನೀ ಸಾಯೂತನಕ ಹೊರಬೇಕು, ನಿನಗ ಅದು ತಿಳದೈತಿ ಅಂತ ಕೇಳಿ ನನಗ ಒಂದ್ ಥರಾ ಸಮಾಧಾನ ಆತು. ಆದರ ಸಿರೀ, ಒಂದ್ ಮಾತು ಹೇಳ. ನೀ ಮಾಡಿದ್ದಕ್ಕ ನೀ ಕುಂದರಾಕತ್ತೀಯೋ, ಅವ ಮಾಡಿದ್ದಕ್ಕೂ ನೀನs ಕುಂದರಾಕತ್ತೀಯೋ?"

ಸಿರಿಶಾ ಬಿಸ್ಕೀಟಿನ ಚೂರನ್ನು ಬೆರಳಿನಿಂದ ಅತ್ತಿತ್ತ ಸರಿಸಿದಳು.

"ಸಣ್ಣಾಕಿದ್ದಾಗೂ ಹಿಂಗs ಮಾಡತಿದ್ದಿ. ಯಾರದೋ ತಪ್ಪು, ನೀ ಹೋಗಿ ಮೆಟ್ಟಲಾ ಮ್ಯಾಲ ಕುಂದರತಿದ್ದಿ. ನಾ ಬಂದು ಎಬ್ಬಸತಿದ್ದೆ. ನಿನ್ನ ಪಾಲಿಂದು ನೀ ತಗೋ. ಪೂರಾ ತಗೋ. ಅವನ ಪಾಲು ಅವಗs ಬಿಡು."

"ಕಮ್ಮಿ ಆದ್ರ ಜೆರೋಮ್‌ನ ಅಮ್ಮಗ ಸಿಟ್ಟ ಬರತೈತಿ."

"ಬರತೈತಿ. ಬರಲಿ. ಅದು ಆಕಿ ಹಕ್ಕು."

ಹೊತ್ತಾಯಿತೆಂದು ಅಧಿಕಾರಿ ಸೂಚಿಸಿದಾಗ ಸಿರಿಶಾ ಎದ್ದು ನಿಂತು, "ಚಂದ್ರಿಕಾ ಆಂಟಿಗೆ ಹೂಂ ಅಂತ ಹೇಳವಾ," ಎಂದಳು. ಬಸ್ಸಿನಲ್ಲಿ ಮರಳುವಾಗ ಸುವರ್ಣವ್ವ ಅತ್ತಳು. ತೀರ್ಪು ಬಂದ ಮೇಲೆ ಅದೇ ಮೊದಲು ಅತ್ತದ್ದು. ಅತ್ತಾದ ಮೇಲೆ ಹಸಿವಾಯಿತು. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದಳು. ಮಲ್ಲಪ್ಪ ಬದನೆಕಾಯಿ ಪಲ್ಯವನ್ನು ಅವಳ ಕಡೆ ಸರಿಸಿದ.

ಚಂದ್ರಿಕಾ ಅರ್ಜಿ ಹಾಕಿದಳು. ಒಬ್ಬ ಮನಶ್ಶಾಸ್ತ್ರಜ್ಞೆ ಜೈಲಿಗೆ ಹೋಗಿ ಸಿರಿಶಾಳ ಜೊತೆ ಮಾತಾಡಿ, ವಯಸ್ಸು ಹದಿನೆಂಟಾದರೂ ಮನಸ್ಸಿನ ಬೆಳವಣಿಗೆ ಇನ್ನೂ ಕಿರಿಯಳದ್ದೇ ಎಂದು ವರದಿ ಬರೆದಳು. ತಿಂಗಳುಗಳು ಉರುಳಿದವು. ಕಡೆಗೆ ಒಬ್ಬ ನ್ಯಾಯಾಧೀಶರು ಕಾಗದದ ಮೇಲೆ ನೋಡಿ, ಕೇಳಲು ಯೋಗ್ಯವಾದ ಅಂಶವಿಲ್ಲ ಎಂದು ಅನುಮತಿ ನಿರಾಕರಿಸಿದರು.

ವಂದನಾ ಆ ಸುದ್ದಿ ಕೇಳಿ ಕೆಲಸದಿಂದ ನೇರ ಸುವರ್ಣವ್ವನ ಮನೆಗೆ ಬಂದಳು. ಇನ್ನೂ ಒಂದಿಬ್ಬರು ಮಕ್ಕಳು ನೆಲದ ಮೇಲೆ ಆಡುತ್ತಿದ್ದರು. ಕೋಟು ಕೂಡ ಬಿಚ್ಚದೆ ಸೋಫಾದ ತುದಿಗೆ ಕೂತಳು.

"ಸಾಕು ಆಂಟಿ. ಚಂದ್ರಿಕಾ ಮೂರು ಜನ ಜಡ್ಜುಗಳ ಮುಂದೆ ಇನ್ನೊಂದ್ಸಲ ಕೇಳಬಹುದು ಅಂತಾರೆ. ನಂಗೆ ಆಗಲ್ಲ. ಮತ್ತೆ ಆಸೆ ಇಟ್ಕೊಂಡು ಮತ್ತೆ ಬೀಳೋದು. ನಾನು ಕೆಲ್ಸ ಬಿಟ್ಟು ಮನೇಲಿದ್ದಿದ್ರೆ ಇದೆಲ್ಲ ಆಗ್ತಾನೇ ಇರ್ಲಿಲ್ಲ."

"ನೀ ಕೆಲಸಕ್ಕ ಹೋದಾಗ ಆಕಿ ಎಲ್ಲಿದ್ಲು?" ಎಂದಳು ಸುವರ್ಣವ್ವ. "ನನ್ನ ಹತ್ರ ಇದ್ಲು. ಹಂಗಾರ ತಪ್ಪು ನಂದs ಆತು."

"ಅಯ್ಯೋ, ನಾನು ಹಾಗೆ ಹೇಳ್ಲಿಲ್ಲ!"

"ನೀ ಹೇಳಲಿಲ್ಲ, ನನಗ ಗೊತ್ತು. ನಾನೂ ನಿನಗ ಹೇಳೂದಿಲ್ಲ. ಇಬ್ಬರೂ ಛಂದಂಗ ನೋಡಿಕೊಂಡ್ವಿ. ಆದರೂ ಹಿಂಗಾತು. ಕೋಟು ಬಿಚ್ಚು. ಚಹಾ ಕುಡಿ."

ತೆವಳುತ್ತಿದ್ದ ಒಂದು ಕೂಸು ಬಂದು ವಂದನಾಳ ಬೂಟಿನ ದಾರ ಎಳೆಯತೊಡಗಿತು. ವಂದನಾ ಬಾಗಿ ಅದನ್ನು ಎತ್ತಿಕೊಂಡಳು. ಎಷ್ಟೋ ಹೊತ್ತು ಹಾಗೇ ಅದರ ತಲೆಗೆ ಗಲ್ಲ ಒತ್ತಿ ಕೂತಳು. ಹೋಗುವಾಗ, "ಚಂದ್ರಿಕಾಗೆ ಮುಂದುವರಿಸಕ್ಕೆ ಹೇಳ್ತೀನಿ. ಆದ್ರೆ ನೀವು ಜೊತೆಗೆ ಬರ್ಬೇಕು," ಎಂದಳು.

"ಬರದ ಎಲ್ಲಿಗೆ ಹೋಗಲಿ?" ಎಂದಳು ಸುವರ್ಣವ್ವ.

ಮೇಲ್ಮನವಿ ನ್ಯಾಯಾಲಯ ಸ್ಟ್ರ್ಯಾಂಡ್ ಬೀದಿಯಲ್ಲಿ. ಹೊರಗಿನಿಂದ ನೋಡಿದರೆ ಗೋಪುರಗಳ ದೊಡ್ಡ ಚರ್ಚು. ಮಲ್ಲಪ್ಪ ಆ ಬೀದಿಯಲ್ಲಿ ಬಸ್ಸು ಓಡಿಸಿದ್ದವನು, ಒಳಗೆ ಮಾತ್ರ ಕಾಲಿಟ್ಟಿರಲಿಲ್ಲ. ಅಂದು ಇಸ್ತ್ರಿ ಮಾಡಿದ ಕೋಟು ತೊಟ್ಟು ಬಂದ. ಸುವರ್ಣವ್ವ ಇಳಕಲ್ ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡಿದ್ದಳು. ಕಲ್ಲಿನ ನೆಲದ ಆ ದೊಡ್ಡ ಹಜಾರದಲ್ಲಿ ನಡೆಯುವಾಗ ವಂದನಾಳೂ ಸೇರಿ ಮೂವರ ಹೆಜ್ಜೆಗಳೂ ಸದ್ದು ಮಾಡಿದವು.

ಕೋರ್ಟಿನ ಕೋಣೆ ತುಂಬ ಪುಸ್ತಕಗಳು. ಮೇಲೆ ಮೂವರು ನ್ಯಾಯಾಧೀಶರು, ನಡುವೆ ಕೂತವರು ಹೆಂಗಸು. ಗೋಡೆಯ ಪರದೆಯ ಮೇಲೆ ಜೈಲಿನ ಒಂದು ಸಣ್ಣ ಕೋಣೆ, ಅದರಲ್ಲಿ ಸಿರಿಶಾ. ವಂದನಾ ಕೈ ಎತ್ತಿದಳು. ಪರದೆಯಲ್ಲಿ ಅವಳಿಗೆ ಕಾಣಿಸಿತೋ ಇಲ್ಲವೋ, ಹುಡುಗಿ ಕದಲಲಿಲ್ಲ. ಇನ್ನೊಂದು ಬದಿಯ ಬೆಂಚಿನಲ್ಲಿ ಜೆರೋಮ್‌ನ ತಾಯಿ, ಪಕ್ಕದಲ್ಲಿ ಅವಳ ತಂಗಿಯಿರಬೇಕು.

ಸಿರಿಶಾಳ ಪರ ವಾದಿಸಿದ ಬ್ಯಾರಿಸ್ಟರ್ ದನಿ ಏರಿಸಲೇ ಇಲ್ಲ. ಜೆರೋಮ್‌ನ ಹೆಸರನ್ನೇ ಮೊದಲು ಹೇಳಿದಳು, ಅವನ ತಾಯಿ ಇಲ್ಲಿದ್ದಾರೆ ಎಂದಳು. ಆಮೇಲೆ ಒಂದೊಂದೇ ಅಂಶ ಇಟ್ಟಳು. ಹದಿನೇಳು ಮುಗಿದು ಹದಿನೆಂಟು ಬಂದ ರಾತ್ರಿಯೇ ಯಾರೂ ದೊಡ್ಡವರಾಗಿ ಏಳುವುದಿಲ್ಲ ಎಂದಳು. ಚೂರಿ ಹಾಕಿದ ಇಪ್ಪತ್ತನಾಲ್ಕರವನಿಗೆ ಇಪ್ಪತ್ತಾರು, ಕಾರಿನಲ್ಲಿ ಕೂತಿದ್ದ ಹದಿನೆಂಟರ ಹುಡುಗಿಗೆ ಹತ್ತೊಂಬತ್ತು, ಈ ಎರಡರ ನಡುವಿನ ಅಂತರ ಇಬ್ಬರು ಮಾಡಿದ ಕೆಲಸಗಳ ನಡುವಿನ ಅಂತರಕ್ಕೆ ಹೊಂದುತ್ತದೆಯೇ ಎಂದು ಕೇಳಿದಳು. ಸರ್ಕಾರದ ವಕೀಲರು ಎದ್ದು, ಅವಳಿಗೆ ಚೂರಿ ಇರುವುದು ಗೊತ್ತಿತ್ತು, ಗೊತ್ತಿದ್ದೂ ಕಾರು ಓಡಿಸಿದಳು, ಆಮೇಲೆ ಪೊಲೀಸರಿಗೂ ಹೇಳಲಿಲ್ಲ ಎಂದರು. ಅದೂ ನಿಜವೇ ಅಲ್ಲವೇ ಎಂದು ಸುವರ್ಣವ್ವನಿಗೆ ಅನ್ನಿಸಿತು. ಒಂದಿಷ್ಟೂ ಸಿಟ್ಟು ಬರಲಿಲ್ಲ.

ನ್ಯಾಯಾಧೀಶರು ಸ್ವಲ್ಪ ಹೊತ್ತಿನಲ್ಲಿ ಬರುತ್ತೇವೆಂದು ಎದ್ದು ಒಳಗೆ ಹೋದರು. ಸುವರ್ಣವ್ವ ಹೊರಗಿನ ಹಜಾರಕ್ಕೆ ಬಂದಳು. ಕೈ ತೊಳೆಯಲು ಹೋಗಿ ಬರುವಾಗ ಎದುರಿನಿಂದ ಜೆರೋಮ್‌ನ ತಾಯಿ ಬರುತ್ತಿದ್ದಳು. ಸುವರ್ಣವ್ವ ಶೌಚಾಲಯದ ಆ ಭಾರದ ಬಾಗಿಲನ್ನು ಹಿಡಿದು ನಿಂತಳು. ಆಕೆ ದಾಟಿ ಹೋಗಲಿಲ್ಲ, ನಿಂತಳು.

"ನೀವು ಅವಳ ಅಜ್ಜಿಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಅಲ್ಲ. ಅವಳು ಚಿಕ್ಕವಳಿದ್ದಾಗ ನಾನು ನೋಡಿಕೊಂಡೆ."

"ನಾನೂ ನನ್ನವನನ್ನು ನೋಡಿಕೊಂಡೆ."

ಆ ಮಾತಿನಲ್ಲಿ ಕಿಡಿ ಇರಲಿಲ್ಲ. ಅದಕ್ಕೇ ಅದು ಸುವರ್ಣವ್ವನ ಎದೆಗೆ ನೇರ ಇಳಿಯಿತು. ದೇವರು, ಕಾಲ, ಸಮಾಧಾನ, ಇಂಥ ಮಾತುಗಳೆಲ್ಲ ಬಾಯಿಯ ತನಕ ಬಂದವು. ಯಾವುದನ್ನೂ ಆಡಲಿಲ್ಲ.

"ಗೊತ್ತು," ಎಂದಳು. "ನನಗೆ ಬಹಳ ದುಃಖವಿದೆ."

ಜೆರೋಮ್‌ನ ತಾಯಿ ಆಕೆಯ ಮುಖವನ್ನು ಒಂದು ಗಳಿಗೆ ನೋಡಿದಳು. ಒಮ್ಮೆ ತಲೆಯಾಡಿಸಿ ಒಳಗೆ ಹೋದಳು. ಸುವರ್ಣವ್ವ ಬಾಗಿಲನ್ನು ಮೆಲ್ಲಗೆ ಬಿಟ್ಟಳು.

ನ್ಯಾಯಾಧೀಶರು ಮೂವರೂ ಮರಳಿ ಬಂದು ಕೂತರು. ನಡುವಿನ ನ್ಯಾಯಾಧೀಶೆ ಓದತೊಡಗಿದರು. ಮೊದಲು ನಡೆದದ್ದನ್ನೆಲ್ಲ ಹೇಳಿದರು. ಆಮೇಲೆ ಜೆರೋಮ್‌ನ ತಾಯಿ ಕೂತಿದ್ದ ಬೆಂಚಿನ ಕಡೆ ತಿರುಗಿ, ನಾವು ಹೇಳುವ ಯಾವ ಸಂಖ್ಯೆಯೂ ಜೆರೋಮ್‌ನ ಬದುಕಿನ ಬೆಲೆಯಲ್ಲ, ಅದನ್ನು ಅಳೆಯುವ ಅಧಿಕಾರ ನಮಗಿಲ್ಲ, ನಾವು ಅಳೆಯಬೇಕಾದದ್ದು ಈ ಅಪರಾಧಿಯ ಪಾಲಿನ ಹೊಣೆಯನ್ನು ಮಾತ್ರ ಎಂದರು. ಕೆಳಗಿನ ನ್ಯಾಯಾಧೀಶರು ಕಷ್ಟದ ವಿಚಾರಣೆಯನ್ನು ಎಚ್ಚರದಿಂದ ನಡೆಸಿದ್ದಾರೆ ಎಂದರು. ಆದರೆ ಅವಳ ವಯಸ್ಸಿಗೆ, ಮನಸ್ಸಿನ ಎಳೆತನಕ್ಕೆ, ಕೃತ್ಯದಲ್ಲಿ ಅವಳ ಸಣ್ಣ ಪಾತ್ರಕ್ಕೆ ಸಲ್ಲಬೇಕಾದಷ್ಟು ತೂಕ ಸಂದಿಲ್ಲ ಎಂದರು. ಅನುಮತಿ ಕೊಟ್ಟಿದ್ದೇವೆ, ಹತ್ತೊಂಬತ್ತು ವರ್ಷವನ್ನು ರದ್ದುಮಾಡಿ ಹದಿನೈದು ವರ್ಷ ಎಂದು ಗೊತ್ತುಮಾಡಿದ್ದೇವೆ, ವಿಚಾರಣೆಗೆ ಮುಂಚೆ ಜೈಲಿನಲ್ಲಿ ಕಳೆದ ಕಾಲವೂ ಅದರಲ್ಲಿ ಸೇರುತ್ತದೆ ಎಂದರು. ಕೊನೆಗೆ ಪರದೆಯ ಕಡೆ ನೋಡಿ, ಇದು ಬಿಡುಗಡೆಯ ದಿನವಲ್ಲ, ಅಂದು ನೀನು ಸುರಕ್ಷಿತಳೆಂದು ಪೆರೋಲ್ ಮಂಡಳಿಗೆ ಅನ್ನಿಸಿದರೆ ಮಾತ್ರ ಹೊರಗೆ ಬರುತ್ತೀಯ, ಬಂದ ಮೇಲೂ ಬದುಕಿಡೀ ಷರತ್ತುಗಳಿರುತ್ತವೆ, ಅರ್ಥವಾಯಿತೇ ಎಂದು ಕೇಳಿದರು.

"ಅರ್ಥವಾಯಿತು," ಎಂದಿತು ಪರದೆಯ ದನಿ, ಸ್ಪಷ್ಟವಾಗಿ. ಈ ಸಲ ಅವಳು ಸುಮ್ಮನೆ ತಲೆಯಾಡಿಸಲಿಲ್ಲ.

ಹೊರಗೆ ಬಂದಾಗ ಬಿಸಿಲಿತ್ತು. ಲಂಡನ್ನಿನ ಮಾರ್ಚ್ ತಿಂಗಳ ಬಿಸಿಲು, ಬೆಳಕು ಹೆಚ್ಚು, ಕಾವು ಕಡಿಮೆ. ವಂದನಾ ಚಂದ್ರಿಕಾಳನ್ನು ತಬ್ಬಿಕೊಂಡು ನಿಂತಳು. ಚಂದ್ರಿಕಾಳ ಕಣ್ಣೂ ಒದ್ದೆಯಾಗಿತ್ತು. "ನಾಲ್ಕು ವರ್ಷ ಅಂದ್ರೆ ಇಲ್ಲಿ ತುಂಬ ದೊಡ್ಡದು ಆಂಟಿ. ಸುಮ್ನೆ ಕೊಡಲ್ಲ," ಎಂದಳು.

"ನಾಕು ವರ್ಷ ಕೊಟ್ಟರು ಅನಬ್ಯಾಡವಾ. ಆಕಿ ಪಾಲು ಎಷ್ಟು ಅಂತ ಸರಿ ನೋಡಿದರು," ಎಂದಳು ಸುವರ್ಣವ್ವ.

ಮಲ್ಲಪ್ಪ ಬೆರಳೆಣಿಸುತ್ತಿದ್ದ. "ಆಕಿ ಮಂಡಳಿ ಮುಂದ ಹೋಗೂ ಹೊತ್ತಿಗೆ ನಿನಗ ಎಪ್ಪತ್ತರ ಹತ್ರ ಆಗಿರತೈತಿ."

"ಆಗಲಿ. ನಮ್ಮವ್ವ ಎಂಬತ್ತೆಂಟಕ್ಕ ಹೊಲಕ್ಕ ಹೋಗತಿದ್ಲು. ನಡೀರಿ, ಹೊಟ್ಟಿ ಹಸದೈತಿ."

ನಾಲ್ವರೂ ಟೂಟಿಂಗಿಗೆ ಹೋದರು. ಮಲ್ಲಪ್ಪ ಹಿಂದೆ ಅಡುಗೆ ಮಾಡುತ್ತಿದ್ದ ಹೋಟೆಲಿನ ಜಾಗದಲ್ಲಿ ಈಗ ಬೇರೆ ಹೆಸರಿನ ಹೋಟೆಲು. ದೋಸೆ ತಿಂದು, ಹಿಟ್ಟು ಸರಿಯಾಗಿ ಹುಳಿ ಬಂದಿಲ್ಲ ಎಂದು ಮಲ್ಲಪ್ಪ ಗೊಣಗಿದ. ವಂದನಾ ಇನ್ನೊಂದು ದೋಸೆ ತರಿಸಿಕೊಂಡಳು. ಅವಳು ಹೊಟ್ಟೆ ತುಂಬ ತಿಂದದ್ದನ್ನು ಸುವರ್ಣವ್ವ ವರ್ಷದ ಮೇಲೆ ಕಂಡಳು.

ಆಮೇಲಿನ ದಿನಗಳು ತಮ್ಮ ಪಾಡಿಗೆ ನಡೆದಿವೆ. ಬೆಳಗ್ಗೆ ತಳ್ಳುಗಾಡಿಗಳು ಬರುತ್ತವೆ. ಬಿಡಿಸಿಕೊಂಡು ಹೋಗಿದ್ದ ತಾಯಂದಿರಲ್ಲಿ ಒಬ್ಬಳು ತನ್ನ ಎರಡನೆಯ ಕೂಸನ್ನು ತಂದು ಬಿಟ್ಟಳು, ಹಳೆಯದರ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ನಿತೀಶ ಎರಡು ತಿಂಗಳಿಗೊಮ್ಮೆ ಕೊಲಿಂಡೇಲಿನಿಂದ ಬಂದು ತಾಯಿಯನ್ನು ಕಾರಿನಲ್ಲಿ ಜೈಲಿಗೆ ಬಿಟ್ಟು, ಹೊರಗೆ ಕಾರಿನಲ್ಲೇ ಕೂತಿರುತ್ತಾನೆ. ಒಂದು ದಿನ ತಾನಾಗಿಯೇ, ಒಳಗೆ ಬರಲಾ ಎಂದು ಕೇಳಿ ಬಂದ. ಸಿರಿಶಾ ಅವನನ್ನು ಕಂಡು ಅಣ್ಣಾ ಎಂದಳು. ಅವನು ಇಂಗ್ಲಿಷಿನಲ್ಲಿ ಉತ್ತರಿಸಿದ, ಇಬ್ಬರೂ ನಕ್ಕರು.

ಮೊದಲೆಲ್ಲ ಆ ಮೇಜಿನ ಎದುರು ಕೂತರೆ ಕೇಸಿನ ಮಾತೇ. ವಕೀಲರು ಏನಂದರು, ಕಾಗದ ಎಲ್ಲಿ ತನಕ ಬಂತು, ಇನ್ನೆಷ್ಟು ವಾರ. ಈಗ ಆ ಮಾತು ಬರುವುದಿಲ್ಲ. ಹೋದ ಸಲ ಹೋದಾಗ ಸಿರಿಶಾ ಜೈಲಿನ ಅಡುಗೆಮನೆಗೆ ಕೆಲಸಕ್ಕೆ ಸೇರಿದ್ದಳು. ತೊಗರಿಬೇಳೆ ಸಿಗಲಿಲ್ಲವೆಂದು ಕೆಂಪು ಬೇಳೆಯಲ್ಲೇ ಸಾರು ಮಾಡಿದ್ದು, ಜಮೈಕಾದ ಹೆಂಗಸೊಬ್ಬಳು ಖಾರ ಸಾಲದು ಎಂದದ್ದು, ಲಿವರ್‌ಪೂಲಿನವಳೊಬ್ಬಳು ಖಾರ ಹೆಚ್ಚಾಯಿತೆಂದು ನೀರು ಕುಡಿದದ್ದು, ಇಬ್ಬರೂ ಜಗಳ ಹಚ್ಚಿಕೊಂಡದ್ದು, ಎಲ್ಲವನ್ನೂ ಕೈ ತಿರುಗಿಸಿ ತಿರುಗಿಸಿ ಹೇಳಿದಳು.

"ಒಗ್ಗರಣಿ ಹೆಂಗ ಕೊಟ್ಟಿ?" ಎಂದಳು ಸುವರ್ಣವ್ವ.

"ಸಾಸಿವಿ ಇರಲಿಲ್ಲವಾ. ಜೀರಗಿ ಅಷ್ಟ ಇತ್ತು."

"ಬೆಳ್ಳುಳ್ಳಿ?"

"ಬೆಳ್ಳುಳ್ಳಿ ಭಾಳ ಹಾಕಿದೆ."

"ಹಂಗಾರ ನಡೀತೈತಿ."

ಪಕ್ಕದ ಮೇಜಿನಲ್ಲಿ ಯಾರದೋ ಕೂಸು ಅಳತೊಡಗಿತು. ಅವ್ವ, ಮಗಳು ಇಬ್ಬರೂ ಒಟ್ಟಿಗೇ ಅತ್ತ ತಿರುಗಿ ನೋಡಿದರು. ಹಲ್ಲು ಬರುತ್ತಿದೆ ಎಂದು ಸುವರ್ಣವ್ವ ಅಂದಳು. ಇಲ್ಲ, ನಿದ್ದೆ ಬಂದಿದೆ ಎಂದು ಸಿರಿಶಾ ಅಂದಳು. ತುಸು ಹೊತ್ತಿಗೆ ಕೂಸು ತಾಯಿಯ ಹೆಗಲ ಮೇಲೆ ಮಲಗಿತು. ಸುವರ್ಣವ್ವ ಸೋತದ್ದನ್ನು ಒಪ್ಪಿಕೊಂಡು, ನಗುತ್ತ, ಚಹಾ ತರಲು ಎದ್ದಳು.